ಮೈಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ಗಂಟೆ?

ಮಕ್ಕಳು ಅಮೆರಿಕದಲ್ಲಿರುವ ಮನೆಗಳು ಈಗ ಕುವೆಂಪುನಗರ, ವಿಜಯನಗರದ ಬೀದಿಬೀದಿಯಲ್ಲೂ ಇವೆ. ಅಲ್ಲಿಗೆ ಹೋಗಲು ಎಷ್ಟು ಗಂಟೆ ಬೇಕು ಅಂತ ಕೇಳಿದರೆ ಒಬ್ಬರು 17 ಅನ್ನುತ್ತಾರೆ, ಇನ್ನೊಬ್ಬರು 30 ಅನ್ನುತ್ತಾರೆ. ಇಬ್ಬರ ಲೆಕ್ಕವೂ ಸರಿಯೇ: ಒಬ್ಬರು ಆಕಾಶದಲ್ಲಿ ಕಳೆಯುವ ಗಂಟೆ ಮಾತ್ರ ಎಣಿಸುತ್ತಾರೆ, ಇನ್ನೊಬ್ಬರು ಮನೆ ಬಿಟ್ಟಾಗಿನಿಂದ ಎಣಿಸುತ್ತಾರೆ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹತ್ತಿರದ ದಾರಿ ಅಂದರೆ ಸುಮಾರು 14,000 ಕಿ.ಮೀ. ಗೋಡೆಯ ನಕ್ಷೆಯಲ್ಲಿ ಅದು ಕಾಣುವುದಿಲ್ಲ. ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಎಳೆದು ಬಿಗಿಹಿಡಿಯಿರಿ, ಅದು ಉತ್ತರ ಧ್ರುವದ ಕಡೆಗೆ ಏರಿ ಇಳಿಯುತ್ತದೆ.

ಆ ದಾರಿಯಲ್ಲಿ ವಿಮಾನ ಹೋಗುವ ಕಾಲ ಬರಲು ತುಂಬಾ ವರ್ಷ ಬೇಕಾಯಿತು. 1948ರಲ್ಲಿ ಏರ್ ಇಂಡಿಯಾ ಮುಂಬೈನಿಂದ ಕೈರೋ, ಜಿನೀವಾ ಮುಟ್ಟಿ ಲಂಡನ್‌ಗೆ ಹೋಯಿತು. 1960ರಲ್ಲಿ ಬೋಯಿಂಗ್ 707 ಲಂಡನ್ ದಾಟಿ ನ್ಯೂಯಾರ್ಕ್ ತಲುಪಿತು. ಶೀತಲ ಸಮರ ಮುಗಿದ ಮೇಲೆಯೇ ರಷ್ಯಾದ ಆಕಾಶದಲ್ಲಿ ಧ್ರುವದ ದಾರಿಗಳು ತೆರೆದವು. 2021ರ ಜನವರಿ 9ರ ರಾತ್ರಿ (ಅಲ್ಲಿನ ಗಡಿಯಾರದಲ್ಲಿ) ಏರ್ ಇಂಡಿಯಾದ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಧ್ರುವದ ಮೇಲೆ ಹಾದು, ನಮ್ಮ ಗಡಿಯಾರದಲ್ಲಿ 11ರ ನಸುಕಿಗೆ ಬೆಂಗಳೂರಿನಲ್ಲಿ ಇಳಿದರು. ಎಲ್ಲೂ ನಿಲ್ಲದೆ ಸುಮಾರು 17 ಗಂಟೆ! ಆ ಸುದ್ದಿ ಓದಿ ನಮ್ಮೂರಿನ ಎಷ್ಟೋ ಅಪ್ಪ-ಅಮ್ಮಂದಿರ ಎದೆ ಹಗುರಾಗಿತ್ತು.

ಮುಂದಿನ ವರ್ಷವೇ ಉಕ್ರೇನ್ ಯುದ್ಧ ಶುರುವಾಯಿತು. ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ದಾರಿ ಮುಚ್ಚಿತು. ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿಯಬೇಕಾಯಿತು. ಊರುಗಳ ನಡುವಿನ ದೂರ ಇದ್ದಷ್ಟೇ ಇದ್ದರೂ ಪ್ರಯಾಣದ ಗಂಟೆ ಏರುತ್ತಾ ಇಳಿಯುತ್ತಾ ಬಂದದ್ದು ಹೀಗೆ. ದುಬೈ, ದೋಹಾ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿದರಂತೂ ಕಾಯುವ ಹೊತ್ತೂ ಸೇರುತ್ತದೆ.

ಟಿಕೆಟ್ ನೋಡಿ ಲೆಕ್ಕ ಹಾಕುವವರು ಇನ್ನೊಂದು ಗಮನಿಸಬೇಕು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಇಲ್ಲಿ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ, ಅಲ್ಲಿ ಇಳಿಯುವಾಗ ಅದೇ ದಿನ ಸಂಜೆ ನಾಲ್ಕೂವರೆ.

ಇನ್ನು ಟಿಕೆಟ್‌ನಲ್ಲಿ ಬರೆಯದ ಗಂಟೆಗಳು. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋಯಿತು. ಮೈಸೂರು, ಮಂಡ್ಯದವರಿಗೆ ಬೆಂಗಳೂರು ಮುಟ್ಟುವುದರ ಜೊತೆಗೆ ಅದನ್ನು ದಾಟುವ ಕೆಲಸವೂ ಬಿತ್ತು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಮದ್ದೂರು, ರಾಮನಗರದ ಪೇಟೆಯೊಳಗೆ ತೆವಳುವುದು ತಪ್ಪಿತು, ಇದು ದೊಡ್ಡ ಉಪಕಾರವೇ. ಆದರೆ ಕೆಂಗೇರಿಯಿಂದ ಹೆಬ್ಬಾಳದವರೆಗಿನ ಟ್ರಾಫಿಕ್ ಹಾಗೇ ಇದೆ. ಅದಕ್ಕೇ ಮೈಸೂರಿನಿಂದ ನೇರ ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈಬಸ್ ಹತ್ತುವವರು ದಾರಿಗೆ ನಾಲ್ಕು ಗಂಟೆ, ಚೆಕ್-ಇನ್‌ಗೆ ಮೂರು ಗಂಟೆ ಇಟ್ಟುಕೊಂಡೇ ಹೊರಡುತ್ತಾರೆ. ಏಳು ಗಂಟೆ ಕಳೆದರೂ ವಿಮಾನ ಇನ್ನೂ ನೆಲದ ಮೇಲೇ.

ಮೈಸೂರಿನಲ್ಲಿ ನಮ್ಮದೇ ಮಂಡಕಳ್ಳಿ ವಿಮಾನ ನಿಲ್ದಾಣ ಇದೆಯಲ್ವಾ? ಇದೆ, ರಾಜರ ಕಾಲದಿಂದಲೂ. 2010ರಲ್ಲಿ ಹೊಸ ಟರ್ಮಿನಲ್ ಬಂತು, ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಒಂದಿಷ್ಟು ವಿಮಾನಗಳೂ ಬಂದವು. ಆದರೆ ರನ್‌ವೇ 1,740 ಮೀಟರ್. ಎಟಿಆರ್‌ನಂಥ ಸಣ್ಣ ವಿಮಾನಕ್ಕೆ ಅಷ್ಟು ಸಾಕು, ದೊಡ್ಡ ಜೆಟ್‌ಗಳ ನಿತ್ಯದ ಸೇವೆಗೆ ಸಾಲದು. 2,750 ಮೀಟರ್‌ಗೆ ಉದ್ದ ಮಾಡುವ ಮಾತು ವರ್ಷಗಳಿಂದ ಇದೆ. ಅಡ್ಡಕ್ಕೆ ನಂಜನಗೂಡು ಹೆದ್ದಾರಿ ಮತ್ತು ರೈಲು ಹಳಿ. ಭೂಮಿ, ಹಣ, ಅಂಡರ್‌ಪಾಸ್ ಅಂತ ಚರ್ಚೆ ಸುತ್ತುತ್ತಲೇ ಇದೆ. ಮೈಸೂರಿನಿಂದ ನೇರ ಅಮೆರಿಕಕ್ಕೆ ವಿಮಾನ ಬೇಕು ಅಂತ ಯಾರೂ ಕೇಳುತ್ತಿಲ್ಲ. ದೆಹಲಿಗೋ ಮುಂಬೈಗೋ ದಿನಕ್ಕೊಂದು ಜೆಟ್ ಸಿಕ್ಕರೆ, ಬ್ಯಾಗನ್ನು ಮಂಡಕಳ್ಳಿಯಲ್ಲೇ ಕೊಟ್ಟು ಹೊರಡಬಹುದು.