ಕಾರ್ಡು ಕಳೆದರೆ ಮಗು ಅಲ್ಲೇ ನಿಲ್ಲುತ್ತದೆ

ಆಗಸ್ಟ್ ಬಂತೆಂದರೆ ನಲಿ-ಕಲಿ ತರಬೇತಿ ಕೊಡುವ ನಮಗೆ ಪೋಷಕರದ್ದು ಒಂದೇ ದೂರು. "ಮೇಡಂ, ಮಗೂಗೆ ಇನ್ನೂ ಅ ಆ ಇ ಈ ಬರಲ್ಲ." ನಿಜ, ಬರುವುದಿಲ್ಲ. ನಲಿ-ಕಲಿ ಅಂದರೆ ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ಕೂತು, ಚಟುವಟಿಕೆಯ ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ವಿಧಾನ. ಅದರಲ್ಲಿ ಮೊದಲು ಕಲಿಸುವುದು ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಬರೀ ಅ ಆ ಇ ಈ ಕಲಿತ ಮಗು ಏನು ಓದೀತು, ಹೇಳಿ?

ಇದು 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಾವೇ ಕೂತು ಕನ್ನಡಕ್ಕೆ ಒಗ್ಗುವ ಕಾರ್ಡು ಮಾಡಿದರು. ಕೋಟೆಗೆ ಬೇಕಾದದ್ದೂ ಅದೇ. ಜೇನುಕುರುಬರ ಹಾಡಿಯ ಮಗುವಿಗೆ ಮನೆಮಾತು ಬೇರೆ. ಕಾಫಿ ಕೊಯ್ಲು ಬಂದರೆ ಅಪ್ಪ ಅಮ್ಮ ಕೊಡಗಿನ ತೋಟಕ್ಕೆ ಹೊರಡುತ್ತಾರೆ, ಮಕ್ಕಳೂ ಜೊತೆಗೆ. ಪಾಠದ ಮೇಲೆ ಪಾಠ ಮುಗಿಸುವ ತರಗತಿಗೆ ಆ ಮಗು ವಾಪಸ್ ಬಂದರೆ ಹಿಂದಿನ ಸಾಲೇ ಗತಿ. ನಲಿ-ಕಲಿಯಲ್ಲಿ ಹಾಗಲ್ಲ. ಯಾವ ಮಗು ಎಲ್ಲಿಯವರೆಗೆ ಕಲಿತಿದೆ ಎಂದು ಗುರುತು ಹಾಕುವ ಗೋಡೆಯ ಪಟ್ಟಿ, ಅಂದರೆ ಪ್ರಗತಿನೋಟದಲ್ಲಿ, ಆ ಮಗು ತನ್ನ ಹೆಸರು ಹುಡುಕುತ್ತದೆ. ಕಾರ್ಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿಯಲ್ಲಿ ತಾನು ಬಿಟ್ಟುಹೋದ ಕಡೆಯ ಕಾರ್ಡು ಎತ್ತಿಕೊಂಡು, ಆ ಕಾರ್ಡಿನ ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ, ಹೋಗಿ ಕೂರುತ್ತದೆ. ಪಕ್ಕದಲ್ಲಿ ಎರಡನೇ ತರಗತಿಯ ಅಕ್ಕ ಇದ್ದರೆ ಅವಳೇ ಹೇಳಿಕೊಡುತ್ತಾಳೆ.

2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು, ಮೊದಲು ಒಂದು, ಎರಡನೇ ತರಗತಿಗೆ, ಆಮೇಲೆ ಮೂರಕ್ಕೂ. ಒಳ್ಳೆಯದೇ ಆಯಿತು. ಆದರೆ ಕೋಟೆಯವರು ಕಾರ್ಡನ್ನು ತಾವೇ ಮಾಡಿದ್ದರು, ಯಾವ ಚಟುವಟಿಕೆ ಯಾಕಿದೆ ಅಂತ ಗೊತ್ತಿತ್ತು. ಉಳಿದವರಿಗೆ ಅದು ಆದೇಶದ ಜೊತೆ ಬಂತು. ಈ ವ್ಯತ್ಯಾಸ ಪ್ರಗತಿನೋಟ ನೋಡಿದರೇ ತಿಳಿಯುತ್ತದೆ. ಒಬ್ಬೊಬ್ಬ ಮಗು ಒಂದೊಂದು ಮೆಟ್ಟಿಲಲ್ಲಿದ್ದರೆ ತರಗತಿ ನಡೆಯುತ್ತಿದೆ ಎಂದರ್ಥ. ಎಲ್ಲರ ಗುರುತೂ ಒಂದೇ ಸಾಲಿಗೆ ಬಂದು ನಿಂತಿದ್ದರೆ ನನಗೆ ಅನುಮಾನ. ಯಾರೋ ಬರುತ್ತಾರೆಂದು ಹಿಂದಿನ ದಿನ ಸುಮ್ನೆ ತುಂಬಿರುತ್ತಾರೆ!

ಸುಧಾರಣೆ ಎಂದರೆ ಹೊಸ ಯೋಜನೆ, ಹೊಸ ಹೆಸರು ಅಂತಲೇ ಆಗಿಬಿಟ್ಟಿದೆ. ನನ್ನನ್ನು ಕೇಳಿದರೆ, ಮೊದಲು ಹರಿದ ಕಾರ್ಡಿನ ಜಾಗಕ್ಕೆ ಇನ್ನೊಂದು ಕಾರ್ಡು ಕೊಡಿ. ಒಂದು ಕಾರ್ಡು ಕಳೆದರೂ ಮಗು ಅಲ್ಲೇ ನಿಲ್ಲುತ್ತದೆ, ಇಲ್ಲವೇ ಕಲಿಯದೆ ಮುಂದೆ ಹಾರುತ್ತದೆ. ನುರಿತ ಶಿಕ್ಷಕಿಗೆ ವರ್ಗಾವಣೆಯಾದಾಗ, ಅವರ ಜಾಗಕ್ಕೆ ಬರುವವರು ಒಂದಷ್ಟು ದಿನ ಅವರ ಜೊತೆ ಕೂತು ನೋಡುವಂತಾಗಲಿ. ಇದಕ್ಕೆಲ್ಲ ದುಡ್ಡು ಜಾಸ್ತಿ ಬೇಕಿಲ್ಲ. ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಸುಣ್ಣಬಣ್ಣದ ಲೆಕ್ಕ ಕೇಳುವವರು ಕಾರ್ಡುಗಳನ್ನೂ ಒಮ್ಮೆ ಎಣಿಸಿ ನೋಡಬಹುದು, ಅಲ್ವಾ?