ಓದುಗರ ಪ್ರಶ್ನೆ: ಜೂಡಿತ್ ಚಿತ್ರ ಬರೀ ಸೇಡಿಗಾಗಿ ಬರೆದದ್ದಾ?

ಪ್ರಶ್ನೆ: ಆರ್ಟೆಮಿಸಿಯಾ ಜೆಂಟಿಲೆಸ್ಕಿ ತನ್ನ ಮೇಲೆ ಅತ್ಯಾಚಾರ ಮಾಡಿದವನ ಮೇಲಿನ ಸೇಡಿಗೆ ಜೂಡಿತ್ ಚಿತ್ರ ಬರೆದಳಂತೆ. ಹೌದಲ್ವಾ?

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಆ ಚಿತ್ರ ಮೊಬೈಲಿಂದ ಮೊಬೈಲಿಗೆ ಹೋದಾಗಲೆಲ್ಲ ಸೇಡಿನ ಕಥೆಯೂ ಬೆನ್ನಿಗೇ ಬರುತ್ತದೆ. ಇನ್ನೊಂದು ಸಲ ನಿಧಾನವಾಗಿ ಹೇಳುತ್ತೇನೆ. ಆರ್ಟೆಮಿಸಿಯಾ ಹದಿನೇಳನೇ ಶತಮಾನದ ಇಟಲಿಯ ಚಿತ್ರಕಾರ್ತಿ. ಬೈಬಲ್ ಕಥೆಯ ಜೂಡಿತ್ ಎಂಬ ಹೆಣ್ಣು ಶತ್ರು ಸೇನಾಪತಿಯ ಕತ್ತು ಕುಯ್ಯುವ ಚಿತ್ರ ಅದು.

ಅವಳಿಗಾದ ಅನ್ಯಾಯ ನಿಜ. 1611ರಲ್ಲಿ, ರೋಮ್‌ನಲ್ಲಿ, ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಚಿತ್ರಕಾರ ಅಗೊಸ್ಟಿನೊ ಟಾಸ್ಸಿ ಅವಳ ಮೇಲೆ ಅತ್ಯಾಚಾರ ಮಾಡಿದ. ಮರುವರ್ಷ ವಿಚಾರಣೆ ತಿಂಗಳುಗಟ್ಟಲೆ ನಡೆಯಿತು. ನಿಜ ಹೇಳುತ್ತಿದ್ದಾಳೋ ಇಲ್ಲವೋ ನೋಡಲು ಅವಳ ಬೆರಳುಗಳಿಗೇ ಹುರಿ ಸುತ್ತಿ ಬಿಗಿದರು. ಕುಂಚ ಹಿಡಿಯುವ ಬೆರಳುಗಳು! ಅವಳು ಮಾತು ಬದಲಿಸಲಿಲ್ಲ. ಟಾಸ್ಸಿ ತಪ್ಪಿತಸ್ಥ ಎಂದು ತೀರ್ಪಾಯಿತು, ಆದರೆ ಶಿಕ್ಷೆ ಹೆಸರಿಗಷ್ಟೇ ಉಳಿಯಿತು.

ಮೊದಲ ಜೂಡಿತ್ ಚಿತ್ರ, ಈಗ ನೇಪಲ್ಸ್‌ನಲ್ಲಿರುವುದು, ಸುಮಾರು 1612–13ರದು. ವರ್ಷ ಹೊಂದಿಕೊಂಡಿತು, ಸೇಡಿನ ಕಥೆ ಹುಟ್ಟಿತು. ಆ ನೋವು ಚಿತ್ರದೊಳಗೆ ಇಳಿದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅದೊಂದೇ ಕಾರಣ ಅನ್ನುವವರು ಮೂರು ವಿಷಯ ಮರೆಯುತ್ತಾರೆ.

ಅವಳೇ ಬರೆದ ಸೂಸನ್ನಾ ಚಿತ್ರದಿಂದ ಶುರುಮಾಡೋಣ. ಸ್ನಾನಕ್ಕೆ ಕೂತ ಹೆಣ್ಣನ್ನು ಇಬ್ಬರು ಹಿರಿಯರು ಬೆದರಿಸುವ ಕಥೆ ಅದು. ಆರ್ಟೆಮಿಸಿಯಾಳ ಸೂಸನ್ನಾ ಮೈಯನ್ನೇ ತಿರುಚಿ, ಎರಡೂ ಕೈ ಅಡ್ಡ ಹಿಡಿದು, ಮುಖ ಆಚೆ ಹೊರಳಿಸಿದ್ದಾಳೆ. ಕೆಳಗೆ ಸಹಿ ಇದೆ, ವರ್ಷವೂ ಇದೆ: 1610. ಅತ್ಯಾಚಾರಕ್ಕೆ ಮುಂಚೆಯೇ, ಹದಿನೇಳರ ಆಸುಪಾಸಿನಲ್ಲೇ, ಈ ಹುಡುಗಿಗೆ ಹೆಣ್ಣಿನ ಪ್ರತಿರೋಧವನ್ನು ಬರೆಯೋಕೆ ಬರುತ್ತಿತ್ತು.

ಆಮೇಲೆ, ಜೂಡಿತ್ ಅವಳು ಹುಡುಕಿ ತಂದ ವಿಷಯವಲ್ಲ. ಇಟಲಿಯ ಹೆಸರಾಂತ ಚಿತ್ರಕಾರ ಕಾರವಾಜ್ಜೊ 1599ರ ಸುಮಾರಿಗೇ ಇದೇ ದೃಶ್ಯ ಬರೆದಿದ್ದ. ಅಪ್ಪ ಒರಾಜಿಯೊ ಕೂಡ ಜೂಡಿತ್‌ಳನ್ನು ಬರೆದಿದ್ದ. ಇನ್ನು ಇಟಲಿಯ ಫ್ಲಾರೆನ್ಸ್ ನಗರದ ಉಫಿಜಿ ಗ್ಯಾಲರಿಯ ಜೂಡಿತ್, ಅಂದರೆ ಎಲ್ಲರೂ ಹಂಚಿಕೊಳ್ಳುವ ಹಳದಿ ಉಡುಪಿನ ಚಿತ್ರ, ಸುಮಾರು 1620ರದು. ಫ್ಲಾರೆನ್ಸಿನ ದೊರೆ ಎರಡನೇ ಕೊಸಿಮೊಗಾಗಿ ಬರೆದದ್ದು. ಅದರ ದುಡ್ಡು ಕೈಸೇರಲು ಗೆಲಿಲಿಯೊ ನೆರವಾದದ್ದನ್ನು 1635ರಲ್ಲಿ ಅವನಿಗೇ ಬರೆದ ಪತ್ರದಲ್ಲಿ ಅವಳು ನೆನೆದಿದ್ದಾಳೆ. ಕತ್ತಿಯ ಅಲಗಿನ ಮೇಲೆ ಹೆಸರೂ ಹಾಕಿದ್ದಾಳೆ. ಅದು ಅವಳ ಕಸುಬು, ಅವಳ ಹೆಮ್ಮೆ.

ಮೂರನೆಯದೇ ನನಗೆ ಮುಖ್ಯ. ಜೂಡಿತ್ ಕಥೆ ಊರಿನ ಕಥೆ. ಅಸ್ಸೀರಿಯದ ಸೇನಾಪತಿ ಹೊಲೊಫರ್ನೆಸ್ ಬೆತುಲಿಯಾ ಊರಿಗೆ ಮುತ್ತಿಗೆ ಹಾಕಿ ನೀರು ನಿಲ್ಲಿಸುತ್ತಾನೆ. ಊರ ಹಿರಿಯರು ಇನ್ನು ಐದು ದಿನ ನೋಡಿ ಶರಣಾಗೋಣ ಅನ್ನುತ್ತಾರೆ. ಜೂಡಿತ್ ಎಂಬ ವಿಧವೆ ಸಿಟ್ಟಾಗುವುದು ಮೊದಲು ಇವರ ಮೇಲೆ. ದೇವರಿಗೇ ಗಡುವು ಹಾಕಲು ನೀವ್ಯಾರು ಅಂತ ಬೈದು, ತಾನೇ ಶತ್ರುಪಾಳೆಯಕ್ಕೆ ಹೊರಡುತ್ತಾಳೆ. ಹೊಲೊಫರ್ನೆಸ್‌ನಿಂದ ಅವಳಿಗೆ ಸ್ವಂತ ಅನ್ಯಾಯ ಏನೂ ಆಗಿರಲಿಲ್ಲ. ಫ್ಲಾರೆನ್ಸಿನ ಜನಕ್ಕೆ ಇದು ಚೆನ್ನಾಗಿ ಗೊತ್ತಿತ್ತು. ಊರನ್ನಾಳುತ್ತಿದ್ದ ಮೆಡಿಚಿ ಮನೆತನವನ್ನು ಓಡಿಸಿದ ಮೇಲೆ, 1495ರಲ್ಲಿ, ಅವರ ಅರಮನೆಯಲ್ಲಿದ್ದ ಶಿಲ್ಪಿ ದೊನತೆಲ್ಲೊನ ಕಂಚಿನ ಜೂಡಿತ್‌ಳನ್ನು ತಂದು ಸರ್ಕಾರಿ ಭವನದ ಮುಂದೆ ನಿಲ್ಲಿಸಿದ್ದರು. ಮುಂದೆ ದಬ್ಬಾಳಿಕೆ ಮಾಡುವವರಿಗೆ ಅದು ಎಚ್ಚರಿಕೆ. ಇಷ್ಟು ದೊಡ್ಡ ಸಿಟ್ಟನ್ನು ಒಬ್ಬ ಟಾಸ್ಸಿಯ ಸುತ್ತ ಕಟ್ಟಿಹಾಕಿದರೆ ನನಗೆ ಸಂಕಟವಾಗುತ್ತದೆ. ಆರ್ಟೆಮಿಸಿಯಾಳ ಜೀವಮಾನದ ದುಡಿಮೆಯೆಲ್ಲ ಅವನ ಖಾತೆಗೆ ಹೋಗುತ್ತದೆ.

ಈಗ ನೀವು ಕೇಳದ ಪ್ರಶ್ನೆ. ಚಿತ್ರದಲ್ಲಿ ಜೂಡಿತ್ ಜೊತೆಗಿರುವ ಆ ಇನ್ನೊಬ್ಬ ಹೆಂಗಸು ಯಾರು?

ಜೂಡಿತ್‌ಳ ಕೆಲಸದಾಕೆ. ಮೂಲ ಕಥೆಯಲ್ಲಿ ಅವಳು ಕೋಣೆಯ ಹೊರಗೆ ಕಾಯುತ್ತಾಳೆ. ಕಾರವಾಜ್ಜೊ ಅವಳನ್ನು ಒಳಗೆ ತಂದ, ಆದರೆ ಮುದುಕಿ ಮಾಡಿ ಪಕ್ಕದಲ್ಲಿ ಸುಮ್ನೆ ನಿಲ್ಲಿಸಿದ. ಅಲ್ಲಿ ಜೂಡಿತ್ ಹಿಂದಕ್ಕೆ ಸರಿದು, ಅಸಹ್ಯದಿಂದ ಕತ್ತಿ ಎಳೆಯುತ್ತಾಳೆ. ಅಷ್ಟು ದಪ್ಪ ಕತ್ತು ಹಾಗೆಲ್ಲ ತುಂಡಾಗುತ್ತದಾ? ಆರ್ಟೆಮಿಸಿಯಾ ಇದನ್ನು ಮೈಯಿಂದ ಯೋಚಿಸಿದ್ದಾಳೆ. ಅವಳ ಕೆಲಸದಾಕೆಗೆ ಹರೆಯ. ಮೇಲಿಂದ ಬಿದ್ದು ತನ್ನ ಭಾರವನ್ನೆಲ್ಲ ಹಾಕಿ ಅವನನ್ನು ಅದುಮಿದ್ದಾಳೆ. ಅವನ ಮುಷ್ಟಿ ಅವಳ ಕೊರಳ ಹತ್ತಿರ ಬಂದಿದೆ, ಅವಳು ಹಿಡಿತ ಸಡಿಲಿಸಿಲ್ಲ. ಜೂಡಿತ್ ಉಡುಪಿನ ತೋಳು ಮೇಲೇರಿಸಿ, ಒಂದು ಕೈಯಲ್ಲಿ ಅವನ ಕೂದಲು, ಇನ್ನೊಂದರಲ್ಲಿ ಕತ್ತಿ ಹಿಡಿದಿದ್ದಾಳೆ. ಹುಬ್ಬು ಗಂಟಿಕ್ಕಿದೆ. ಇಬ್ಬರೂ ಸೇರಿದ್ದಕ್ಕೇ ಆ ಕೆಲಸ ಆಗುತ್ತಿದೆ.

ಅಮೆರಿಕದ ಡೆಟ್ರಾಯಿಟ್‌ನಲ್ಲಿ ಅವಳದೇ ಇನ್ನೊಂದು ಚಿತ್ರವಿದೆ, ಸುಮಾರು 1623–25ರದು. ಹೊಲೊಫರ್ನೆಸ್ ಸತ್ತಾಗಿದೆ. ಕೆಲಸದಾಕೆ ನೆಲದ ಮೇಲೆ ಬಗ್ಗಿ ರುಂಡವನ್ನು ಚೀಲಕ್ಕೆ ಹಾಕುತ್ತಿದ್ದಾಳೆ. ಜೂಡಿತ್ ಮೇಣದಬತ್ತಿಗೆ ಕೈ ಅಡ್ಡ ಹಿಡಿದಿದ್ದಾಳೆ, ಅಂಗೈಯ ನೆರಳು ಅವಳ ಮುಖದ ಮೇಲೇ ಬಿದ್ದಿದೆ. ಹೊರಗೆ ಏನೋ ಸದ್ದಾದಂತಿದೆ. ಇಬ್ಬರೂ ಒಂದೇ ಕಡೆ ತಿರುಗಿ ಕಿವಿಗೊಟ್ಟಿದ್ದಾರೆ.