ಬೀಗ ಬಿದ್ದ ಮನೆಗೆ ಮರಳುವ ಮಕ್ಕಳು

ದೀಪಾವಳಿಯ ಹೊತ್ತಿಗೆ ವಿಜಯಪುರ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬೀಳತೊಡಗುತ್ತದೆ. ಕೆಲವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೆಲವರು ಕಟ್ಟಡ ಕೆಲಸಕ್ಕೆ ಗೋವಾ, ಮಂಗಳೂರಿಗೆ ಗುಳೆ ಹೋಗುತ್ತಾರೆ. ಬಾಲಮಂದಿರದಲ್ಲೋ, ಹೆತ್ತವರ ಬದಲು ಕೆಲಕಾಲ ಸಾಕುವ ಪೋಷಕ ಕುಟುಂಬದಲ್ಲೋ ಕೆಲವು ವರ್ಷ ಬೆಳೆದ ಮಗುವನ್ನು ‘ಹೆತ್ತವರಿಗೆ ಒಪ್ಪಿಸಲಾಗಿದೆ’ ಎಂದು ಕಡತದಲ್ಲಿ ಬರೆದು ಮುಗಿಸಿದರೆ, ಆ ಹೆತ್ತವರು ಮುಂದಿನ ತಿಂಗಳು ಎಲ್ಲಿರುತ್ತಾರೆ?

ಇದನ್ನು ಕೇಳುವ ಹಂತಕ್ಕೆ ಬರಲು ನಮ್ಮ ಕಾನೂನಿಗೆ ಬಹಳ ಕಾಲ ಹಿಡಿಯಿತು. ಈ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1924ರಲ್ಲಿ, ಅಲ್ಲಿನ ಮಕ್ಕಳ ಕಾಯ್ದೆ ಬಂತು. ಏಕೀಕರಣದ ನಂತರ 1964ರ ಮೈಸೂರು ಮಕ್ಕಳ ಕಾಯ್ದೆ, ಆಮೇಲೆ ಜಮ್ಮು-ಕಾಶ್ಮೀರ ಬಿಟ್ಟು ದೇಶಕ್ಕೆಲ್ಲ ಅನ್ವಯಿಸುವ 1986ರ ಬಾಲನ್ಯಾಯ ಕಾಯ್ದೆ. ಇವೆಲ್ಲವುಗಳ ಮುಖ್ಯ ಚಿಂತೆ ಒಂದೇ ಆಗಿತ್ತು: ನಿರ್ಗತಿಕ ಮಗುವನ್ನು ಎಲ್ಲಿಡಬೇಕು? ಅದರ ಮನೆಯನ್ನು ಹೇಗೆ ಎತ್ತಿ ನಿಲ್ಲಿಸಬೇಕೆಂಬ ಯೋಚನೆ ತೀರಾ ಕಡಿಮೆ.

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿತು. 2000ದ ಬಾಲನ್ಯಾಯ ಕಾಯ್ದೆ ಮಗುವನ್ನು ಮನೆಗೆ ಮರಳಿಸುವುದೇ ಮಕ್ಕಳ ಗೃಹಗಳ ಪ್ರಧಾನ ಉದ್ದೇಶ ಎಂದಿತು. 2015ರ ಕಾಯ್ದೆ ಅದನ್ನು ಉಳಿಸಿಕೊಂಡು, ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಎಂದು ಸ್ಪಷ್ಟಪಡಿಸಿತು. ಅದರ 44ನೇ ಕಲಮು ನನಗೆ ಬಹಳ ಮುಖ್ಯವೆನಿಸುತ್ತದೆ. ಪೋಷಕ ಕುಟುಂಬದಲ್ಲಿರುವ ಮಗುವನ್ನು ಹೆತ್ತವರು ಆಗಾಗ ಬಂದು ಕಾಣಬಹುದು. ಸಾಕುವ ಶಕ್ತಿ ಅವರಿಗೆ ಬಂದಿದೆಯೆಂದು, ಇಂಥ ಮಕ್ಕಳ ವಿಷಯ ತೀರ್ಮಾನಿಸುವ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಮನವರಿಕೆಯಾದಾಗ ಮಗು ಮನೆಗೆ ಹಿಂತಿರುಗಬಹುದು. ಭೇಟಿ ಮಗುವಿಗೆ ಹಿತವಲ್ಲವೆನಿಸಿದರೆ ಸಮಿತಿ ಅದನ್ನು ತಡೆಯಬಹುದು. ಅಂದರೆ ಪೋಷಕತ್ವ ದತ್ತು ಅಲ್ಲ. ಮರಳುವ ಬಾಗಿಲು ಅದರಲ್ಲಿ ಮೊದಲಿನಿಂದಲೂ ತೆರೆದಿದೆ.

ಆದರೆ ಬಾಗಿಲು ದಾಟಿದ ಮೇಲಿನ ದಿನಗಳೇ ಕಷ್ಟದವು. ಬೇರೆಡೆ ಗಂಟೆಯ ಲೆಕ್ಕದಲ್ಲಿ ಊಟ, ಓದು, ನಿದ್ದೆ ಇತ್ತು. ಇಲ್ಲಿ ತಾಯಿ ನಸುಕಿನಲ್ಲೇ ರೊಟ್ಟಿ ಬಡಿದಿಟ್ಟು ಕೂಲಿಗೆ ಹೋಗಿರುತ್ತಾಳೆ. ಮಗು ಇಲ್ಲದಾಗ ಹುಟ್ಟಿದ ತಮ್ಮನಿಗೆ ಅದರ ಗುರುತೇ ಸಿಗುವುದಿಲ್ಲ. ವರ್ಷದ ನಡುವೆ ಶಾಲೆ ಬದಲಾಗಬೇಕು, ವರ್ಗಾವಣೆ ಪತ್ರ ಬರಬೇಕು, ಆಧಾರ್‌ನಲ್ಲಿ ವಿಳಾಸ ತಿದ್ದಬೇಕು. ಹದಿನಾರರ ಹುಡುಗನಾದರೆ, ‘ದುಡಿಯುವ ಕೈ ಬಂತು’ ಎಂದು ಮನೆ ನೋಡುವುದೂ ಉಂಟು. ತಾಯಿಯನ್ನು ದೂರುವುದು ಸುಲಭ. ಬಡತನದಿಂದ ಮಗುವನ್ನು ಬಿಟ್ಟುಕೊಟ್ಟ ಮನೆಯಲ್ಲಿ ಆ ಬಡತನ ಹಾಗೆಯೇ ಇದ್ದರೆ ಅವಳೇನು ಮಾಡಬೇಕು?

2020ರಲ್ಲಿ ಇದೆಲ್ಲ ಒಮ್ಮೆಲೇ ಎದುರಾಯಿತು. ಕೊರೊನಾ ಆರಂಭದಲ್ಲಿ ದೇಶದ ಸಂಸ್ಥೆಗಳಲ್ಲಿದ್ದ 2,27,518 ಮಕ್ಕಳ ಪೈಕಿ 1,45,788 ಮಕ್ಕಳು ಮನೆ ಸೇರಿದ್ದಾರೆಂದು ಆ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಲಾಯಿತು. ಹಾಗೆ ಮರಳಿದವರ ಓದಿಗೆ ತಿಂಗಳಿಗೆ 2,000 ರೂಪಾಯಿ ಕೊಡುವಂತೆ ನ್ಯಾಯಾಲಯ ಆದೇಶಿಸಿತು. ಅದಕ್ಕೆ ಮೊದಲು, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಕರ್ನಾಟಕವೂ ಸೇರಿ ಎಂಟು ರಾಜ್ಯಗಳಿಗೆ 100 ದಿನಗಳೊಳಗೆ ಮಕ್ಕಳನ್ನು ಮನೆಗೆ ಕಳಿಸಲು ಹೇಳಿತ್ತು. ಎಷ್ಟೋ ವರ್ಷ ಬೇರೆಯಾಗಿದ್ದ ತಾಯಿ-ಮಗು ಮತ್ತೆ ಒಂದಾಗಲು ನೂರು ದಿನ ಏನೂ ಅಲ್ಲ.

ಈಗ ಕೇಂದ್ರದ ಮಕ್ಕಳ ರಕ್ಷಣಾ ಕಾರ್ಯಕ್ರಮವಾದ ಮಿಷನ್ ವಾತ್ಸಲ್ಯದಲ್ಲಿ, ಮಗುವನ್ನು ಮನೆಯಲ್ಲೇ ಸಾಕಲು ನೆರವಾಗುವ ಪ್ರಾಯೋಜಕತ್ವ ಯೋಜನೆಯಿಂದ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಹಳ್ಳಿಯ ಕುಟುಂಬದ ವಾರ್ಷಿಕ ವರಮಾನ 72,000 ರೂಪಾಯಿ ಮೀರಿರಬಾರದು. ಈ ಹಣ ತಡವಿಲ್ಲದೆ ಬಂದರೆ, ಹಂಗಾಮಿನಲ್ಲಿ ತಂದೆಯೊಬ್ಬನೇ ಹೋಗಿ ತಾಯಿ ಮಗುವಿನ ಜೊತೆ ಊರಲ್ಲೇ ಉಳಿಯುವಷ್ಟು ಬಲವಾದರೂ ಆದೀತು.

ಮನೆಗೆ ಮರಳಿದ ಮಗುವಿನ ಬಗ್ಗೆ ಮೂರು ತಿಂಗಳಿಗೊಮ್ಮೆ, ಎರಡು ವರ್ಷ ವರದಿ ಕೊಡಬೇಕೆಂದು 2000ದ ಕಾಯ್ದೆಯಡಿಯ 2007ರ ಮಾದರಿ ನಿಯಮಗಳೇ ಹೇಳಿದ್ದವು. ನಮ್ಮ ಕಡೆ ಆ ವರದಿಗಾಗಿ ಮನೆಗೆ ಹೋಗುವ ದಿನವನ್ನು ಗುಳೆಯ ತಿಂಗಳುಗಳನ್ನು ನೋಡಿ ಗೊತ್ತುಮಾಡಬೇಕು. ಒಮ್ಮೆಯಾದರೂ ದಸರೆಗೆ ಮೊದಲು ಮನೆಗೆ ಹೋಗಿ, ಈ ಸಲ ಯಾರು ಹೋಗುತ್ತೀರಿ, ಮಗು ಯಾರ ಬಳಿ ಇರುತ್ತದೆ ಎಂದು ಕೇಳಬೇಕು. ಕಬ್ಬಿನ ಮುಂಗಡ ಕೈಗೆ ಬಂದ ಮೇಲೆ ಆ ಮಾತಿಗೆ ಬೆಲೆಯಿರುವುದಿಲ್ಲ.